ಬಿಳಿ ಟೈರುಗಳ ಆಚೆ

ಮೊರ್ಸ್ ದ್ವೀಪ,
೧೧ ನವೆಂಬರ್ ೧೯೯೨

ಪ್ರೀತಿಯ ಮಾರೆನ್,

ನಿನ್ನ ಕಾಗದ ನನ್ನ ಕೈ ಸೇರಿ ಇವತ್ತಿಗೆ ಏಳು ವಾರ. ತಪ್ಪನ್ನು ಅಂಚೆಯ ಮೇಲೆ ಹಾಕೋಣ ಎಂದು ಒಮ್ಮೆ ಅನ್ನಿಸಿತು. ಗ್ರೀನ್‌ಲ್ಯಾಂಡಿಗೆ ಹೋಗುವ ಚೀಲಗಳು ಮಂಜಿನಲ್ಲಿ ಸಿಕ್ಕಿಬೀಳುವುದು ಹೊಸದೇನಲ್ಲ, ನೀನು ನಂಬುತ್ತಿದ್ದೆ ಕೂಡ. ಆದರೆ ಕಾಗದ ಇಲ್ಲಿಂದ ಹೊರಟೇ ಇರಲಿಲ್ಲ. ನಾಲ್ಕು ಸಲ ಶುರು ಮಾಡಿದೆ. ನಾಲ್ಕೂ ಸಲ ಹವಾಮಾನದ ಬಗ್ಗೆ ಎರಡು ಪುಟ ಬರೆದು ಹರಿದು ಹಾಕಿದೆ. ಕ್ಷಮಿಸು ಎಂದು ಈಗಲೇ ಕೇಳುವುದಿಲ್ಲ. ಪೂರ್ತಿ ಓದಿದ ಮೇಲೆ ನೀನು ನನಗೆ ಮತ್ತೆ ಬರೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ನನಗೆ ಇರುವ ಗೆಳತಿ ನೀನೊಬ್ಬಳೇ ಎನ್ನುವುದು ನಿನಗೆ ಗೊತ್ತು. ಏಳು ವಾರ ಹಿಡಿದದ್ದು ಅದಕ್ಕೇ.

ಇಲ್ಲಿ ನಾವು ಕ್ಷೇಮ. ಅಮ್ಮನ ಮಂಡಿ ನೋವು ಹಾಗೇ ಇದೆ. ನಿನ್ನೆ ಮಾರ್ಟಿನ್ ಹಬ್ಬದ ಸಂಜೆ, ಬಾತುಕೋಳಿ ಮಾಡಿದ್ದಳು, ಹೊರಗೆ ಸೀದು ಒಳಗೆ ಹಸಿ. ನಾನು ಇನ್ನೂ ಲೈಬ್ರರಿಯಲ್ಲಿ ಅರ್ಧ ದಿನದವಳೇ. ಸಾಹಿತ್ಯ ಓದಿದವಳಿಗೆ ಪುಸ್ತಕದ ಬೆನ್ನಿಗೆ ಅಂಟು ಹಚ್ಚಲು ಬರುತ್ತದೆಯೇ ಎಂದು ಮೊದಮೊದಲು ಅನುಮಾನಿಸಿದವರು ಈಗ ಒಪ್ಪಿಕೊಂಡಿದ್ದಾರೆ. ನಿಮ್ಮಮ್ಮನನ್ನು ವಾರಕ್ಕೊಮ್ಮೆ ನೋಡುತ್ತೇನೆ. ನೀನು ಕಳಿಸಿದ ಸೀಲ್ ಚರ್ಮದ ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ, "ನಾಯಿ ನಾತ, ಆದ್ರೆ ಬೆಚ್ಚಗಿದೆ" ಎನ್ನುತ್ತಾರೆ.

ನೀನು ಕೇಳಿದ್ದು ಎರಡು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಅಪ್ಪನ ಸಮಾಧಿಯ ಕಲ್ಲಿಗೆ ಎರಡು ಸಾಲು ಬರೆದುಕೊಡು ಎಂದಿದ್ದೀಯ. ಬರೆಯಲಾರೆ. ಹೆಸರು ಮತ್ತು ಎರಡು ತಾರೀಖು ಸಾಕು.

ಮೊದಲನೆಯ ಪ್ರಶ್ನೆ ಹೀಗಿತ್ತು: "ಅಪಘಾತದ ವರದಿಯನ್ನು ಮೂರು ಸಲ ಓದಿದೆ. ಎಂಜಿನ್ ಸರಿಯಿತ್ತಂತೆ, ವಿಮಾನ ಸರಿಯಿತ್ತಂತೆ. ಅಪ್ಪ ಯಾಕೆ ನಿಲ್ಲಿಸಲಿಲ್ಲ? ಅವನಷ್ಟು ಸಲ ನಿಲ್ಲಿಸಿದವರು ಯಾರಿದ್ದಾರೆ? ಅಷ್ಟು ಮಾತ್ರ ಹೇಳು ಆಸ್ತಾ, ನೀನು ನೋಡುತ್ತಿದ್ದೆ."

ನೋಡುತ್ತಿದ್ದೆ. ಹೇಳುತ್ತೇನೆ.

ನಿನ್ನಪ್ಪನನ್ನು ನಾನು ಕೊನೆಯವರೆಗೂ ವೆರ್ನರ್ ಎನ್ನದೆ ಮೇಷ್ಟ್ರೇ ಎಂದೇ ಕರೆದೆ. ಶಾಲೆಯ ಮರಗೆಲಸದ ಕೋಣೆಯಲ್ಲಿ ನಿನ್ನ ಪಕ್ಕ ನಿಂತು ನಾನು ಮಾಡಿದ ಕುರ್ಚಿಗೆ ಮೂರೂವರೆ ಕಾಲು ಬಂದಾಗ, "ಇದರ ಮೇಲೆ ಕೂರೋನು ಯೋಚನೆ ಮಾಡಿ ಕೂರ್ತಾನೆ, ಒಳ್ಳೇದೇ" ಎಂದಿದ್ದರಲ್ಲ, ಆ ಮೇಷ್ಟ್ರು. ವಿಮಾನದಲ್ಲೂ ಅವರು ಹಾಗೇ. ನೀನು ವಿಮಾನ ಕ್ಲಬ್ಬಿನ ಬಯಲಿಗೆ ಬರುವುದು ಬಿಟ್ಟು ಎಷ್ಟೋ ವರ್ಷವಾಯಿತು, ಆದ್ದರಿಂದ ಒಂದು ವಿಷಯ ವಿವರಿಸಬೇಕು. ನಮ್ಮ ಹುಲ್ಲಿನ ಓಟದ ದಾರಿ ಆರುನೂರು ಮೀಟರು. ಅದರ ಸರಿಯಾದ ಅರ್ಧಕ್ಕೆ, ಎರಡೂ ಕಡೆ, ಬಿಳಿ ಸುಣ್ಣ ಬಳಿದ ಒಂದೊಂದು ಟ್ರಾಕ್ಟರ್ ಟೈರು ಹೂತಿದ್ದಾರೆ. ಹೂಳಿಸಿದವರು ಮೇಷ್ಟ್ರೇ. ಟೈರು ದಾಟುವ ಹೊತ್ತಿಗೆ ವಿಮಾನಕ್ಕೆ ಬೇಕಾದಷ್ಟು ವೇಗ ಬಂದಿರಬೇಕು. ಬಂದಿಲ್ಲವೋ, ಎಂಜಿನ್ ಇಳಿಸಿ ನಿಂತುಬಿಡಬೇಕು. ಉಳಿದರ್ಧ ದಾರಿ ಇರುವುದು ನಿಲ್ಲುವುದಕ್ಕೆ. ಅದು ಮುಗಿದ ಮೇಲೆ ಚರಂಡಿ, ಆಮೇಲೆ ಗಾಳಿ ತಡೆಯುವ ಮರಗಳ ಸಾಲು, ಅದರಾಚೆ ಥೋರ್ಕಿಲ್‌ನ ಬೀಟ್‌ರೂಟ್ ಹೊಲ.

ಈ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಮೇಷ್ಟ್ರು ಹಾಗೆ ಮೂರು ಸಲ ನಿಲ್ಲಿಸಿದರು. ನಾನು ರೇಡಿಯೊ ಗುಡಿಸಲಿನಲ್ಲಿದ್ದೆ. ಶನಿವಾರ ಭಾನುವಾರ ನನಗೆ ಅಲ್ಲೇ ಕೆಲಸ: ಗಾಳಿ ಎತ್ತಲಿಂದ ಎಂದು ಹೇಳುವುದು, ಹೊರಟವರ ಹೆಸರು ಹೊತ್ತು ಬರೆದಿಡುವುದು. "ಮಾತೇ ಆಡದವಳ ಕೈಗೆ ಮೈಕು ಕೊಡಿ, ಬಾಯಿ ಬಂದ್ರೂ ಬಂದೀತು" ಎಂದು ಥೋರ್ಕಿಲ್ ನನ್ನನ್ನು ಸೇರಿಸಿದ್ದ. ಕ್ಲಬ್ಬಿನ ಅಧ್ಯಕ್ಷ ಅವನೇ ತಾನೆ. ಹಂದಿ ಸಾಕಣೆಯಲ್ಲಿ ಎಷ್ಟು ದೊಡ್ಡವನೋ ಗಂಟಲಿನಲ್ಲೂ ಅಷ್ಟೇ ದೊಡ್ಡವನು.

ಮೂರನೆಯ ಸಲ, ಜೂನ್ ಮೊದಲ ವಾರ, ಒಣ ಹುಲ್ಲು, ಎದುರುಗಾಳಿ, ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಟೈರಿನ ಬಳಿ ಬಂದ ವಿಮಾನ ಗುರ್ ಎನ್ನುವುದನ್ನು ಬಿಟ್ಟು ಉಸ್ ಎಂದಿತು. ನಿಧಾನವಾಗಿ ತಿರುಗಿ ವಾಪಸು ಬಂತು. ಬೆಂಚಿನ ಮೇಲೆ ಏಳೆಂಟು ಜನ ಕಾಫಿ ಕುಡಿಯುತ್ತಿದ್ದರು.

"ಏನಾಯ್ತಯ್ಯ ಮೇಷ್ಟ್ರೇ?" ಎಂದ ಥೋರ್ಕಿಲ್.

"ಸದ್ದು ಸರಿ ಇರ್ಲಿಲ್ಲ."

"ಯಾವ ಸದ್ದು?"

"ಗೊತ್ತಿಲ್ಲ. ಅದಕ್ಕೇ ನಿಲ್ಸಿದೆ."

ಎಂಜಿನ್ ಬಿಚ್ಚಿ ನೋಡಿದರು. ಏನೂ ಸಿಗಲಿಲ್ಲ. ಥೋರ್ಕಿಲ್ ಎದ್ದು ನಿಂತು, ಗಂಭೀರವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಸದ್ದು ಎಂಜಿನ್ನಿಂದಲ್ಲ ಕಣ್ರಪ್ಪ. ಮೇಷ್ಟ್ರ ಚಡ್ಡಿಯಿಂದ."

ಬೆಂಚು ಅಲ್ಲಾಡುವಷ್ಟು ನಕ್ಕರು. ಮೇಷ್ಟ್ರೂ ನಕ್ಕರು. ಇಲ್ಲಿ ನಗದೆ ಇರುವ ಹಾಗಿಲ್ಲವಲ್ಲ, ಮಾರೆನ್. ಹೆಂಡತಿಗೆ ಹೊಡೆದವನನ್ನೂ, ಕುಡಿದು ಚರ್ಚಿಗೆ ಬಂದವನನ್ನೂ ಈ ಊರು ಒಂದು ಚಳಿಗಾಲದಲ್ಲಿ ಕ್ಷಮಿಸುತ್ತದೆ. ತನ್ನ ಮೇಲಿನ ತಮಾಷೆಗೆ ನಗದವನನ್ನು ಮಾತ್ರ ಮೂರು ತಲೆಮಾರಿನವರೆಗೆ ನೆನಪಿಟ್ಟುಕೊಳ್ಳುತ್ತದೆ.

ಜುಲೈ ನಾಲ್ಕು, ಮೇಷ್ಟ್ರ ಅರುವತ್ತನೆಯ ಹುಟ್ಟುಹಬ್ಬ. ಹಾಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಯಾರ ಪಾಲಿಗೆ ಬಂದೀತು? "ಅಷ್ಟು ವರ್ಷ ಓದಿದ್ದೀಯಲ್ಲ ಪಂಡಿತೆ, ಒಂದು ಹಾಡಾದ್ರೂ ಹುಟ್ಟಲಿ" ಎಂದರು. ಊರಿನ ಅರುವತ್ತುಗಳ ಹಾಡು ಹೇಗಿರುತ್ತದೆ ನಿನಗೆ ಗೊತ್ತು: ಎಲ್ಲರಿಗೂ ಬರುವ ಧಾಟಿ, ಏಳೆಂಟು ನುಡಿ, ಒಂದೊಂದರಲ್ಲೂ ಹುಟ್ಟುಹಬ್ಬದವನ ಒಂದೊಂದು ಮಾನ ಹೋಗಬೇಕು. ನಾನು ಎಂಟು ನುಡಿ ಬರೆದೆ. ಬೋಳುತಲೆಗೆ ಒಂದು, ಮೀನು ಹಿಡಿಯಲು ಹೋಗಿ ಬೂಟು ಹಿಡಿದದ್ದಕ್ಕೆ ಒಂದು, ನಿಮ್ಮಮ್ಮ ಗ್ರೇಥೆಯನ್ನು ಮದುವೆಗೆ ಕೇಳಲು ನಾಲ್ಕು ವರ್ಷ ತೆಗೆದುಕೊಂಡದ್ದಕ್ಕೆ ಒಂದು. ಐದನೆಯದು ಇದು. ಪೂರ್ತಿ ಬರೆಯುತ್ತೇನೆ, ಏಕೆಂದರೆ ನಿನ್ನ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ರೆಕ್ಕೆಯುಂಟು, ಬಾಲವುಂಟು, ಹಾರುವಾಸೆಯುಂಟು,
ಪಕ್ಕದವರು ಮೋಡದಾಚೆ ತೇಲಿ ಹೋದರು;
ಹಕ್ಕಿಯೆಂದು ನಂಬಿ ನಾವು ಮೇಲೆ ನೋಡುವಾಗ —
ಕೊಕ್ಕೊ ಕೊಕ್ಕೊ! ಟೈರ ಬಳಿಯೆ ಕೂತ ವೆರ್ನರು.

ನಲವತ್ತೈದು ಜನ ಒಟ್ಟಿಗೆ ಹಾಡಿದರು. ಆ ಕೊಕ್ಕೊ ಬಂದಾಗ ಥೋರ್ಕಿಲ್ ಕುರ್ಚಿಯ ಮೇಲೆ ನಿಂತು ಎರಡೂ ಕಂಕುಳು ಬಡಿದ. ಇನ್ನೊಂದು ಸಲ ಎಂದು ಕೂಗಿದರು. ಎರಡನೆಯ ಸಲಕ್ಕೆ ಚಾಕು ಚಮಚಗಳಿಂದ ತಟ್ಟೆ ಬಡಿದು ತಾಳ ಹಾಕಿದರು. ನಿಮ್ಮಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು. ಅದೇ ಹೊತ್ತಿಗೆ ಅಲ್ಲವೇ ನೀನು ಅಲ್ಲಿಂದ ಫೋನ್ ಮಾಡಿದ್ದು? ನಿಮ್ಮಮ್ಮ ರಿಸೀವರನ್ನು ಜನರ ಕಡೆ ಹಿಡಿದರು. "ಎಷ್ಟು ನಗುತ್ತಿದ್ದರು ಎಲ್ಲರೂ! ಅಪ್ಪ ಆ ದಿನ ಎಷ್ಟು ಖುಷಿಯಾಗಿದ್ದ!" ಎಂದು ನಿನ್ನ ಕಾಗದದಲ್ಲಿ ಬರೆದಿದ್ದೀಯ. ನೀನೂ ನಕ್ಕೆಯಂತೆ. ಮೇಷ್ಟ್ರು ಫೋನಿನಲ್ಲಿ, "ಬಹಳ ಚೆನ್ನಾಗಿ ಬರೆದಿದ್ದಾಳೆ ಕಣೇ ನಿನ್ನ ಆಸ್ತಾ" ಎಂದದ್ದು ನನಗೂ ಕೇಳಿಸಿತು. ಅವರ ಮುಖ ನನಗೆ ಕಾಣುತ್ತಿತ್ತು, ನಿನಗೆ ಕಾಣುತ್ತಿರಲಿಲ್ಲ. ನಗು ಬಾಯಿಯಿಂದ ಮೇಲಕ್ಕೆ ಹೋಗಿರಲಿಲ್ಲ. ಅಂಥದ್ದೆಲ್ಲ ನನಗೆ ಬೇಗ ಕಾಣುತ್ತದೆ. ಕಂಡದ್ದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ನನ್ನಿಂದ ಆಗುವುದಿಲ್ಲ.

ಆ ದಿನ ನನ್ನನ್ನೂ ಒಂದು ಸಲ ನೋಡಬೇಕಿತ್ತು ನೀನು. ಹುಟ್ಟಿದಾಗಿನಿಂದ ಈ ಊರಿನ ಯಾವ ಮೇಜಿನಲ್ಲೂ ಕೊನೆಯ ಕುರ್ಚಿಯವಳು ನಾನು. ಅವತ್ತು ಜನ ಬಂದು ಬೆನ್ನು ತಟ್ಟಿದರು. ಅಂಗಡಿಯಲ್ಲಿ, ಬಸ್ಸಿನಲ್ಲಿ, ನನ್ನ ಸಾಲುಗಳು ನನ್ನ ಎದುರಿಗೇ ಓಡಾಡಿದವು. ಎರಡು ವಾರ ನಾನು ಈ ದ್ವೀಪದಲ್ಲಿ ಯಾರೋ ಒಬ್ಬಳಾಗಿದ್ದೆ.

ಆಮೇಲೆ ಅದು ಕ್ಲಬ್ಬಿನ ವಾಡಿಕೆಯಾಯಿತು. ಥೋರ್ಕಿಲ್‌ನ ಹೆಂಡತಿ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಟ್ಟಿದ್ದ ಪ್ಲಾಸ್ಟರಿನ ಕೋಳಿಯನ್ನು ಯಾರೋ ಬಲಗಡೆಯ ಬಿಳಿ ಟೈರಿನೊಳಗೆ ಕೂರಿಸಿದರು. ಮೇಷ್ಟ್ರು ಹೊರಟಾಗಲೆಲ್ಲ ಬೆಂಚಿನಿಂದ ಕೊಕ್ಕೊ. ಒಂದು ದಿನ ವಿಮಾನದ ಸೀಟಿನ ಮೇಲೆ ಹನ್ನೆರಡು ಮೊಟ್ಟೆಯ ಡಬ್ಬ ಇತ್ತು. ಅವರು ಅದನ್ನು ಒಳಗೆ ಅಡುಗೆ ಕೋಣೆಗೆ ಒಯ್ದು ಎಲ್ಲರಿಗೂ ಆಮ್ಲೆಟ್ ಮಾಡಿದರು. "ನೋಡ್ರಪ್ಪ, ಮೇಷ್ಟ್ರು ಇಟ್ಟದ್ದನ್ನ ಮೇಷ್ಟ್ರೇ ಬಡಿಸ್ತಾ ಇದಾರೆ!" ಎಂದರು. ಅದಕ್ಕೂ ನಕ್ಕರು ಅವರು.

ಜುಲೈ ನಾಲ್ಕರ ನಂತರ ಅವರು ಒಮ್ಮೆಯೂ ನಿಲ್ಲಿಸಲಿಲ್ಲ. ಹೊರಟವರ ಪಟ್ಟಿ ನನ್ನ ಹತ್ತಿರ ಇದೆ, ಎಣಿಸಿದ್ದೇನೆ: ಹತ್ತು ಸಲ ಹಾರಿದ್ದಾರೆ. ಅದರಲ್ಲಿ ಎರಡು ಸಲ, ಜೂನ್‌ನ ಮೇಷ್ಟ್ರಾಗಿದ್ದರೆ ನಿಂತೇ ನಿಲ್ಲುತ್ತಿದ್ದರು. ಒಮ್ಮೆ ಪಕ್ಕದಿಂದ ಗಾಳಿ ಒದೆಯುತ್ತಿತ್ತು. ಇನ್ನೊಮ್ಮೆ ಎಂಜಿನ್ ನಿಜವಾಗಿಯೂ ಕೆಮ್ಮಿತು, ನನ್ನ ಗುಡಿಸಲಿಗೇ ಕೇಳಿಸಿತು. ಹಾರಿದರು. ಇಳಿದು ಬಂದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು. "ಹೇಗಿತ್ತು ಮೇಷ್ಟ್ರೇ?" ಎಂದೆ. "ಚೆನ್ನಾಗಿತ್ತು, ಬರ್ಕೊ" ಎಂದರು. ಬರೆದುಕೊಂಡೆ.

ಆಗಸ್ಟ್ ಇಪ್ಪತ್ತೆರಡು, ಶನಿವಾರ. ಹತ್ತು ದಿನ ಮಳೆ ಹೊಡೆದು ಆವತ್ತು ಬಿಸಿಲು ಬಂದಿತ್ತು. ಹುಲ್ಲು ಕತ್ತರಿಸುವ ಯಂತ್ರ ಕೆಸರಿನಲ್ಲಿ ಹೂತುಕೊಂಡು ವಾರವಾಗಿತ್ತು, ಹುಲ್ಲು ಪಾದ ಮುಚ್ಚುವಷ್ಟು ಬೆಳೆದು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಒಬ್ಬರೇ ಲೇಸೊ ದ್ವೀಪಕ್ಕೆ ಹೋಗಿ ಊಟ ಮಾಡಿ ಬರುವುದೆಂದು ಇಂಧನ ಪೂರ್ತಿ ತುಂಬಿಸಿದ್ದರು. ದಾರಿಯ ಉದ್ದಕ್ಕೂ ನಡೆದು ಹುಲ್ಲು ನೋಡಿ ಬಂದರು. ಪ್ಯಾಂಟು ಮೊಣಕಾಲವರೆಗೆ ನೆನೆದಿತ್ತು. ಒಂದು ಚೀಟಿಯ ಮೇಲೆ ಏನೋ ಲೆಕ್ಕ ಹಾಕಿ, "ಒಬ್ಬನೇ ಆದ್ರೆ ಆಗುತ್ತೆ" ಎಂದು ನನಗೆ ಹೇಳಿದರು.

ಆಗ ಥೋರ್ಕಿಲ್ ಬಂದ. ಕೈಯಲ್ಲಿ ದೊಡ್ಡ ಐಸ್ ಪೆಟ್ಟಿಗೆ.

"ನಾನೂ ಬರ್ತೀನಿ. ಹೆಂಡ್ತಿಗೆ ಲೇಸೊ ಸೀಗಡಿ ಬೇಕಂತೆ."

"ಇವತ್ತು ಬೇಡ ಮಾರಾಯ. ಹುಲ್ಲು ಒದ್ದೆ, ಟ್ಯಾಂಕು ತುಂಬಿದೆ. ಮೇಲಾಗಿ ನೀನು ನೀನೇ."

"ನಾನು ತೂಕ ಇಳ್ಸಿದೀನಿ ಕಣೋ!"

"ಎಲ್ಲಿ ಇಳ್ಸಿದೆ? ಹಂದಿಗಳಿಗೆ ಹಾಕಿದ್ಯಾ?"

ಬೆಂಚು ನಕ್ಕಿತು. ಮೊದಲ ಬಾರಿಗೆ ಮೇಷ್ಟ್ರ ಮಾತಿಗೆ ನಕ್ಕಿತು. ಅವರ ಮುಖ ಸ್ವಲ್ಪ ಅರಳಿತು, ನಾನು ನೋಡಿದೆ. ಅಷ್ಟರಲ್ಲಿ ಥೋರ್ಕಿಲ್ ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದುಕೊಂಡೇ ನಿಧಾನವಾಗಿ ಒಂದೇ ಒಂದು ಸಲ ಮೊಣಕೈ ಅಲ್ಲಾಡಿಸಿದ. ಬಾಯಿ ತೆರೆಯಲೂ ಇಲ್ಲ. ಬೆಂಚಿನವರೆಲ್ಲ ಮೇಷ್ಟ್ರ ಕಡೆ ತಿರುಗಿದರು.

"ಹತ್ತು, ಹತ್ತು" ಎಂದರು ಮೇಷ್ಟ್ರು.

ನಾನು ಗಾಳಿ ಹೇಳಿದೆ. ಸ್ವಲ್ಪ ಬೆನ್ನ ಹಿಂದಿನಿಂದ ಇತ್ತು, ಅಂದರೆ ಮೇಲೇಳಲು ಇನ್ನಷ್ಟು ದಾರಿ ಬೇಕು. ಇನ್ನೊಂದು ತುದಿಯಿಂದ ಹೊರಡಬಹುದಿತ್ತು, ಆದರೆ ಕೆಸರಿನಲ್ಲಿ ಅಲ್ಲಿಯವರೆಗೆ ಹೋಗಬೇಕು. ಅವರು "ಸರಿ" ಎಂದಷ್ಟೇ ಅಂದರು. ಹೊರಟರು. ಚಕ್ರಗಳಿಂದ ನೀರು ಎದ್ದು ಎರಡು ಬಿಳಿ ಬಾಲಗಳ ಹಾಗೆ ಕಾಣುತ್ತಿತ್ತು. ಎಷ್ಟು ನಿಧಾನ ಎಂದರೆ, ಬೆಂಚಿನಲ್ಲಿ ಯಾರೋ ಕಪ್ಪು ಕೆಳಗಿಟ್ಟರು. ಟೈರಿನ ಬಳಿ ಬಂದಾಗ ಎಂಜಿನ್ ಸದ್ದು ಇಳಿಯಿತು.

ಮಾರೆನ್, ಇದನ್ನು ನೀನು ಗಮನವಿಟ್ಟು ಓದು. ನಿನ್ನಪ್ಪ ನಿಲ್ಲಿಸಿದರು. ಸದ್ದು ಇಳಿದದ್ದನ್ನು ನಾನು ಈ ಕಿವಿಯಲ್ಲಿ ಕೇಳಿದೆ, ವಿಮಾನದ ಮೂಗು ತಗ್ಗಿದ್ದನ್ನು ಕಣ್ಣಲ್ಲಿ ನೋಡಿದೆ. ನನ್ನ ಎದೆ ಹಗುರವಾಯಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಸದ್ದು ಮತ್ತೆ ಏರಿತು, ಹಿಂದೆ ಎಂದೂ ಕೇಳದಷ್ಟು.

ಚರಂಡಿಯ ಅಂಚಿನಲ್ಲಿ ವಿಮಾನ ನೆಲ ಬಿಟ್ಟಿತು. ವೇಗ ಸಾಲದು ಎಂದು ಅರಚುವ ಒಂದು ಪೀಪಿ ಇರುತ್ತದಲ್ಲ, ಅದು ಗುಡಿಸಲಿನವರೆಗೂ ಕೇಳಿಸುತ್ತಿತ್ತು. ಚಕ್ರ ಮರಗಳ ತುದಿಗೆ ತಾಗಿತು. ಅದು ಆಚೆಗೆ ಮಗುಚಿತು. ಆಮೇಲೆ ನಿಶ್ಶಬ್ದ. ಬೆಂಚಿನವರು ಓಡಿದರು. ನಾನು ಮೈಕು ಹಿಡಿದು ಮೇಷ್ಟ್ರೇ, ಮೇಷ್ಟ್ರೇ ಎನ್ನುತ್ತ ಕೂತಿದ್ದೆ. ಉಳಿದದ್ದು ನಿನಗೆ ಗೊತ್ತು. ಮೇಷ್ಟ್ರು ಕೂತ ಕಡೆಯೇ ನೆಲಕ್ಕೆ ಬಿದ್ದಿತ್ತು. ಥೋರ್ಕಿಲ್‌ಗೆ ತೊಡೆ ಮುರಿಯಿತು.

ತನಿಖೆಗೆ ಬಂದ ಇಬ್ಬರು ಒಳ್ಳೆಯವರು. ಒಬ್ಬರು ಹುಲ್ಲನ್ನು ಅಳತೆಪಟ್ಟಿಯಿಂದ ಅಳೆದರು. ನನ್ನನ್ನು ಕೇಳಿದರು, ಸದ್ದು ಇಳಿದು ಏರಿತು ಎಂದು ಹೇಳಿದೆ. ವರದಿಯಲ್ಲಿ ನೀನು ಓದಿದ್ದೀಯಲ್ಲ: "ಓಟದ ಮಧ್ಯದಲ್ಲಿ ಎಂಜಿನ್ ಶಕ್ತಿ ಕ್ಷಣಕಾಲ ಕಡಿಮೆಯಾಗಿ ಮತ್ತೆ ಹೆಚ್ಚಿತು, ಕಾರಣ ತಿಳಿದುಬಂದಿಲ್ಲ." ನಿಂತುಬಿಟ್ಟಿದ್ದರೆ ಹುಲ್ಲಿನ ಮೇಲೆ ಜಾರಿ ಹೆಚ್ಚೆಂದರೆ ಚರಂಡಿಗೆ ಮೂಗು ತಾಗುತ್ತಿತ್ತು. ಇಳಿಸದೆಯೇ ಹೋಗಿದ್ದರೆ ಮರದ ಮೇಲಿಂದ ದಾಟಿಯೂ ಹೋಗಬಹುದಿತ್ತಂತೆ. ಇಳಿಸಿ ಏರಿಸಿದ್ದೇ ಕೊಂದಿತು. ಹಾಡಿನ ಬಗ್ಗೆ ಅವರು ಕೇಳಲಿಲ್ಲ. ಅವರ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾನೂ ಹೇಳಲಿಲ್ಲ. ಟೈರಿನೊಳಗಿದ್ದ ಕೋಳಿಯನ್ನು ಅವರು ಬರುವ ಮೊದಲೇ ಯಾರೋ ಎತ್ತಿಟ್ಟಿದ್ದರು.

ಕಾರಣ ನನಗೆ ಗೊತ್ತಾದದ್ದು ಸೆಪ್ಟೆಂಬರ್‌ನಲ್ಲಿ, ಆಸ್ಪತ್ರೆಯಲ್ಲಿ. ಥೋರ್ಕಿಲ್ ಕಾಲನ್ನು ಕಂಬಿಗೆ ತೂಗುಹಾಕಿಕೊಂಡು ಮಲಗಿದ್ದ. ನಾನು ದ್ರಾಕ್ಷಿ ಒಯ್ದಿದ್ದೆ. ಕೇಳುವ ಧೈರ್ಯ ನನಗಿರಲಿಲ್ಲ, ಅವನೇ ಶುರುಮಾಡಿದ.

"ಟೈರ್ ಹತ್ರ ಅವನು ಎಂಜಿನ್ ಏರ್ಸಿ ಇಳ್ಸೋ ಗುಂಡಿ ಹಿಂದಕ್ಕೆ ಎಳ್ದ. 'ಸಾಕು, ನಿಲ್ಸ್ತೀನಿ' ಅಂದ. ನಾನು ಸುಮ್ನೆ, ಅಭ್ಯಾಸ ನೋಡು, ನಿನ್ನ ಹಾಡು ಹೇಳ್ದೆ. ಪೂರ್ತಿ ಅಲ್ಲ. ಕೊಕ್ಕೊ ಕೊಕ್ಕೊ, ಅಷ್ಟೇ. ಅವನು ನನ್ನ ಕಡೆ ನೋಡ್ದ."

"ಏನಂದ್ರು?"

"ನಕ್ಕ. ಗುಂಡಿ ಮುಂದಕ್ಕೆ ಒತ್ತಿದ."

ಅವನು ಅತ್ತ ಹಾಗೆ ಕಾಣಲಿಲ್ಲ. ದ್ರಾಕ್ಷಿ ತಿಂದ. ಬೀಜಗಳನ್ನು ಒಂದೊಂದಾಗಿ ಬಸಿಯಲ್ಲಿ ಉಗಿದ. ನಾನು ಏಳುವಾಗ ಹೇಳಿದ: "ಬರೋ ವರ್ಷ ನಂದೂ ಅರುವತ್ತು, ಮರೀಬೇಡ. ಹಾಡು ನೀನೇ ಬರೀಬೇಕು. ಈ ಕಾಲಿನ ಬಗ್ಗೆ ಒಂದು ನುಡಿ ಇರ್ಲಿ, ಜನಕ್ಕೆ ನಗು ಬರೋ ಹಾಗೆ." ಅವನು ತಮಾಷೆ ಮಾಡುತ್ತಿರಲಿಲ್ಲ. ಈಗ ಊರುಗೋಲಿನ ಮೇಲೆ ಬಂದು ಬೆಂಚಿನಲ್ಲಿ ಕೂರುತ್ತಾನೆ, ಬಿದ್ದ ಕತೆಯನ್ನು ಹೊಸಬರಿಗೆ ಹೇಳುತ್ತಾನೆ. ಐಸ್ ಪೆಟ್ಟಿಗೆ ಬೀಟ್‌ರೂಟ್ ಹೊಲದಲ್ಲಿ ಒಂದು ಬಿರುಕೂ ಇಲ್ಲದೆ ಸಿಕ್ಕಿತು ಎನ್ನುವಾಗ ಎಲ್ಲರೂ ನಗುತ್ತಾರೆ. ಕೊಕ್ಕೊ ಅಂದದ್ದನ್ನು ಮಾತ್ರ ಆ ಕತೆಯಲ್ಲಿ ಅವನು ಹೇಳುವುದಿಲ್ಲ.

ಇದನ್ನು ನಿಮ್ಮಮ್ಮನಿಗೆ ಹೇಳಬೇಕೆಂದು ಕಳೆದ ತಿಂಗಳು ಹೋದೆ. ಪಾತ್ರೆ ಒರೆಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಅವನು ಮೂವತ್ತು ವರ್ಷ ಎಲ್ಲದಕ್ಕೂ ಯೋಚ್ನೆ ಮಾಡ್ದ. ಒಂದೇ ಒಂದು ಸಲ ಮಾಡ್ಲಿಲ್ಲ, ನೋಡು. ಮೂರ್ಖ" ಎಂದರು. ಆಮೇಲೆ ತಟ್ಟೆ ಒರೆಸುತ್ತ ಸಣ್ಣಗೆ ಗುನುಗಿಕೊಂಡರು. ಯಾವ ಧಾಟಿ ಎಂದು ಅವರಿಗೇ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ನಾನು ಹೇಳದೆ ಬಂದೆ. ನೀನು ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಹೀಗಿದೆ ಉತ್ತರ. ಅವರು ಅಜಾಗರೂಕರಾಗಿರಲಿಲ್ಲ. ಅವರ ಕೈ ಸರಿಯಾದದ್ದನ್ನೇ ಮಾಡಿತು, ಸರಿಯಾದ ಜಾಗದಲ್ಲೇ ಮಾಡಿತು. ನಾವು ನಲವತ್ತೈದು ಜನ ಸೇರಿ ಅದನ್ನು ಮತ್ತೆ ಮುಂದಕ್ಕೆ ಒತ್ತಿಸಿದೆವು. ಬರೆದವಳು ನಾನು, ಕುಣಿದವನು ಥೋರ್ಕಿಲ್, ಹಾಡಿದವರು ಎಲ್ಲರೂ, ದೂರದಲ್ಲಿ ಕೂತು ನಕ್ಕವಳು ನೀನೂ. ಹೀಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ ತೀರಾ ಕಡಿಮೆ ಬರುತ್ತದೆ, ಹೊತ್ತುಕೊಂಡು ಬದುಕಬಹುದು ಎಂದು ಏಳು ವಾರ ನನಗೆ ನಾನೇ ಹೇಳಿಕೊಂಡೆ.

ಅಲ್ಲಿ ಸೂರ್ಯ ಇನ್ನು ಕೆಲವು ದಿನಗಳಲ್ಲಿ ಕಾಣುವುದನ್ನೇ ನಿಲ್ಲಿಸುತ್ತಾನಂತೆ. ಕತ್ತಲೆಯಲ್ಲಿ ಒಬ್ಬಳೇ ಇರಬೇಡ, ಆಸ್ಪತ್ರೆಯ ಗೆಳತಿಯರ ಜೊತೆ ಇರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಲ್ಲಿ ಹುಟ್ಟುವ ಕೂಸುಗಳೆಲ್ಲ ಗಟ್ಟಿಯಾಗಿ ಅಳಲಿ. ನಿನಗೆ ನಿದ್ದೆ ಬರಲಿ. ನಿನ್ನ ಮೇಲೆ ನಗುವವರು ಯಾರೂ ನಿನ್ನ ಹತ್ತಿರಕ್ಕೆ ಬಾರದಿರಲಿ. ದೇವರು ಎಲ್ಲಾದರೂ ಇದ್ದರೆ ನಿನ್ನನ್ನು ಕಾಯಲಿ.

ನಿನ್ನ,
ಆಸ್ತಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಅದು ಪೂರ್ತಿಯಲ್ಲ.

ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲು, ಗುರುವಾರ ಮಧ್ಯಾಹ್ನ, ಮೇಷ್ಟ್ರು ಲೈಬ್ರರಿಗೆ ಬಂದರು. ಬೇರೆ ಯಾರೂ ಇರಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ನನಗಿಂತ ಹೆಚ್ಚು ಸಂಕೋಚ ಅವರಿಗಿತ್ತು.

"ಹಾಡು ನೀನೇ ಬರೀತಿದೀಯಂತೆ. ನಾನು ಕೇಳಬಾರದು, ಕೇಳಿದ್ರೆ ಮಜಾ ಹಾಳು. ಆದ್ರೂ... ನನ್ನ ತಲೆ ಬಗ್ಗೆ ಬರಿ, ಗ್ರೇಥೆ ಬಗ್ಗೆ ಬರಿ, ಏನು ಬೇಕಾದ್ರೂ ಬರಿ. ನಾನು ನಿಲ್ಸೋದರ ಬಗ್ಗೆ ಮಾತ್ರ ಬೇಡ ಕಣೇ. ಅವರು ಅದನ್ನ ಹಾಡಿಬಿಟ್ರೆ, ಮುಂದಿನ ಸಲ ನನ್ನ ಕೈಲಿ ನಿಲ್ಸೋಕೆ ಆಗಲ್ಲ. ನಾನು ಅಷ್ಟು ಗಟ್ಟಿ ಮನುಷ್ಯ ಅಲ್ಲ."

"ಪ್ರತಿ ತೆಗೆಸಿ ಆಗಿದೆ ಮೇಷ್ಟ್ರೇ" ಎಂದೆ. "ನಲವತ್ತೈದೂ."

"ಓ. ಹಾಗಾದ್ರೆ ಬಿಡು, ಬಿಡು. ಕಷ್ಟಪಟ್ಟು ಬರೆದಿರ್ತೀಯ" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು.

ಪ್ರತಿ ತೆಗೆಸಿರಲಿಲ್ಲ, ಮಾರೆನ್. ಹಾಡು ನನ್ನ ಮೇಜಿನ ಖಾನೆಯಲ್ಲಿತ್ತು, ಒಂದೇ ಹಾಳೆ, ಪೆನ್ಸಿಲ್ಲಿನಲ್ಲಿ ಬರೆದದ್ದು. ರಬ್ಬರು ಅದರ ಪಕ್ಕದಲ್ಲೇ ಇತ್ತು. ಅವರು ಹೋದ ಮೇಲೆ ತೆಗೆದು ಇನ್ನೊಮ್ಮೆ ಓದಿದೆ. ಎಂಟರಲ್ಲಿ ಆ ನುಡಿ ಒಂದೇ ನಿಜವಾಗಿ ಚೆನ್ನಾಗಿ ಬಂದಿತ್ತು.